ನಿಮ್ಮ ಸುಡೊಕು ಲೇಖನ: ನಾಲ್ಕು ತಂತ್ರಗಳ ಪರಿಚಯವಿದೆ, ಹೋಲಿಕೆ ಇಲ್ಲ

ಮಾನ್ಯರೇ,

ಎಕ್ಸ್-ವಿಂಗ್, ಸ್ವೋರ್ಡ್‌ಫಿಶ್, ಎಕ್ಸ್‌ವೈ-ವಿಂಗ್, ಯೂನಿಕ್ ರೆಕ್ಟ್ಯಾಂಗಲ್ ಈ ನಾಲ್ಕನ್ನೂ ಹೋಲಿಸಿ ನೀವು ಕಳಿಸಿದ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡುವ ಮನಸ್ಸೂ ಇಲ್ಲ. ಪತ್ರಿಕೆಯ ಸುಲಭ ಸುಡೊಕು ಮುಗಿಸಿ ‘ಮುಂದೇನು?’ ಎಂದು ಕೇಳುವವರಿಗೆ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ತಪ್ಪುಗಳು. ಸಾಲು 2ರಲ್ಲಿ 7 ಬರಬಹುದಾದದ್ದು ಕಂಬ 3 ಮತ್ತು 8ರಲ್ಲಿ ಮಾತ್ರ, ಸಾಲು 6ರಲ್ಲೂ ಅವೇ ಎರಡು ಕಂಬಗಳಲ್ಲಿ. ಇದು ನಿಮ್ಮ ಎಕ್ಸ್-ವಿಂಗ್ ಉದಾಹರಣೆ, ಸರಿಯಾಗಿದೆ. ಆದರೆ ‘ಆ ಎರಡು ಸಾಲುಗಳ ಉಳಿದ ಮನೆಗಳಿಂದ 7 ಅಳಿಸಿ’, ಅಂದರೆ ಅಲ್ಲಿ 7 ಬರಬಹುದೆಂಬ ಪೆನ್ಸಿಲ್ ಗುರುತು ತೆಗೆಯಿರಿ, ಎಂದಿದ್ದೀರಿ. ಆ ಸಾಲುಗಳಲ್ಲಿ ಅಳಿಸಲು ಬೇರೆ 7 ಇಲ್ಲವೇ ಇಲ್ಲ. ಇಲ್ಲದ್ದರಿಂದಲೇ ಎಕ್ಸ್-ವಿಂಗ್ ಆಗಿದ್ದು. ಎರಡೂ ಸಾಲುಗಳ 7 ಈ ಎರಡು ಕಂಬಗಳನ್ನೇ ಹಿಡಿಯುವುದರಿಂದ, ಅಳಿಸಬೇಕಾದದ್ದು ಕಂಬ 3 ಮತ್ತು 8ರ ಉಳಿದ ಮನೆಗಳಿಂದ. ಸಾಲಿನಲ್ಲಿ ಕಂಡರೆ ಕಂಬದಲ್ಲಿ ಅಳಿಸು, ಕಂಬದಲ್ಲಿ ಕಂಡರೆ ಸಾಲಿನಲ್ಲಿ ಅಳಿಸು. ಕಲಿಯುವವರು ಎಡವುವುದು ಇಲ್ಲೇ, ನೀವೂ ಇಲ್ಲೇ ಎಡವಿದ್ದೀರಿ.

ಸ್ವೋರ್ಡ್‌ಫಿಶ್‌ಗೆ (ಇದೇ ತರ್ಕ, ಮೂರು ಸಾಲು ಮೂರು ಕಂಬಗಳಿಗೆ) ಅವು ಕೂಡುವ ಒಂಬತ್ತೂ ಮನೆಗಳಲ್ಲಿ ಆ ಅಂಕಿ ಇರಬೇಕು ಎಂಬುದೂ ಸರಿಯಲ್ಲ. ಮೂರು ಸಾಲುಗಳ ಗುರುತುಗಳೆಲ್ಲ ಒಟ್ಟು ಮೂರೇ ಕಂಬಗಳೊಳಗೆ ಬಿದ್ದರೆ ಸಾಕು, ಸಾಲಿಗೆ ಎರಡೆರಡರಂತೆ ಆರು ಮನೆ ಇದ್ದರೂ ನಡೆಯುತ್ತದೆ. ಒಂಬತ್ತು ತುಂಬಿರಲೇಬೇಕೆಂದು ಕಾಯುವವರಿಗೆ ಕಣ್ಣೆದುರಿನ ಸ್ವೋರ್ಡ್‌ಫಿಶ್ ಕಾಣುವುದೇ ಇಲ್ಲ.

ಯೂನಿಕ್ ರೆಕ್ಟ್ಯಾಂಗಲ್ ಭಾಗದ ತಪ್ಪು ಇನ್ನೂ ದೊಡ್ಡದು. ಆಯತದ ಮೂರು ಮೂಲೆಮನೆಗಳಲ್ಲಿ ಉಳಿದಿರುವುದು 4, 9. ನಾಲ್ಕನೆಯದರಲ್ಲಿ 4, 6, 9. ನಾಲ್ಕರಲ್ಲೂ 4, 9 ಮಾತ್ರ ಇದ್ದರೆ ಅವನ್ನು ಅದಲುಬದಲು ಮಾಡಿ ಎರಡು ಉತ್ತರ ಪಡೆಯಬಹುದು, ಆದ್ದರಿಂದ ಅಲ್ಲಿ 6 ಎಂದು ಬರೆದಿದ್ದೀರಿ. ಈ ನಾಲ್ಕು ಮನೆಗಳು ಎರಡು ಸಾಲು, ಎರಡು ಕಂಬಗಳ ಜೊತೆಗೆ ಸರಿಯಾಗಿ ಎರಡೇ ಪೆಟ್ಟಿಗೆಗಳೊಳಗೆ (ಒಂಬತ್ತು ಮನೆಗಳ 3×3 ಚೌಕಗಳೊಳಗೆ) ಇರಬೇಕು. ನಿಮ್ಮ ಚಿತ್ರದಲ್ಲಿ ಅವು ನಾಲ್ಕು ಪೆಟ್ಟಿಗೆಗಳಿಗೆ ಹರಡಿವೆ. ಹಾಗಿದ್ದಾಗ 4 ಮತ್ತು 9ನ್ನು ಅದಲುಬದಲು ಮಾಡಿದರೆ ಪೆಟ್ಟಿಗೆಯ ಲೆಕ್ಕ ಕೆಡುತ್ತದೆ, ಎರಡನೆಯ ಉತ್ತರ ಹುಟ್ಟುವುದಿಲ್ಲ, ತರ್ಕವೂ ನಿಲ್ಲುವುದಿಲ್ಲ. ಈ ತಂತ್ರ ಇಡೀ ಸುಡೊಕುವಿಗೆ ಒಂದೇ ಉತ್ತರವಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ ಎಂಬುದನ್ನೂ ಹೇಳಲೇಬೇಕು. ಉಳಿದ ಮೂರಕ್ಕೆ ಆ ನಂಬಿಕೆ ಬೇಕಿಲ್ಲ. ಇದು ನಿಮ್ಮ ಹೋಲಿಕೆಯ ಮುಖ್ಯ ಅಂಶವೇ ಆಗಬಹುದಿತ್ತು.

ಇನ್ನು ಹೋಲಿಕೆಯ ಮಾತು. ಒಂದೊಂದು ತಂತ್ರಕ್ಕೆ ಎರಡೆರಡು ಪ್ಯಾರಾ ಬರೆದು, ಕೊನೆಗೆ ಕಷ್ಟಕ್ಕೆ ತಕ್ಕಂತೆ ನಕ್ಷತ್ರ ಕೊಟ್ಟಿದ್ದೀರಿ. ಸುಡೊಕು ಮಧ್ಯೆ ಸಿಕ್ಕಿಹಾಕಿಕೊಂಡವರಿಗೆ ನಕ್ಷತ್ರದಿಂದ ಉಪಯೋಗವಿಲ್ಲ. ಯಾವುದನ್ನು ಮೊದಲು ಹುಡುಕಲಿ, ಅದಕ್ಕೆ ಕಾಗದದ ಮೇಲೆ ಏನೇನು ಗುರುತು ಬೇಕು, ಸಿಕ್ಕರೆ ಎಷ್ಟು ಅಳಿಯುತ್ತದೆ ಎಂಬುದು ಅವರ ಪ್ರಶ್ನೆ. ಎಕ್ಸ್-ವಿಂಗ್‌ಗೆ ಒಂದೇ ಅಂಕಿಯ ಗುರುತು ಸಾಕು. ಆಗಲೇ ನಾಲ್ಕೈದು ಕಡೆ ಕೂತಿರುವ ಅಂಕಿಯನ್ನು ಹಿಡಿದು ಸಾಲು ಸಾಲಾಗಿ ನೋಡಿದರಾಯಿತು. ಎಕ್ಸ್‌ವೈ-ವಿಂಗ್‌ಗೆ ಎರಡೇ ಅಂಕಿ ಉಳಿದ ಮನೆಗಳೆಲ್ಲ ಕಣ್ಣಿಗೆ ಬೀಳಬೇಕು, ಅಂದರೆ ಪೆನ್ಸಿಲ್ ಗುರುತು ಪೂರ್ತಿ ಮತ್ತು ನಿಖರವಾಗಿರಬೇಕು. ಒಂದು ಗುರುತು ಬಿಟ್ಟುಹೋದರೆ ಎರಡೂ ಕೈಕೊಡುತ್ತವೆ, ತಪ್ಪು ಗೊತ್ತಾಗುವುದು ಹತ್ತಾರು ಮನೆ ತುಂಬಿದ ಮೇಲೆ.

ಎಕ್ಸ್‌ವೈ-ವಿಂಗ್‌ನ ನಿಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳಿ. ಎರಡೇ ಅಂಕಿ ಉಳಿದ ಮೂರು ಮನೆಗಳು: ಒಂದು ನಡುಮನೆ, ಅದರ ದೃಷ್ಟಿಗೆ (ಅದೇ ಸಾಲು, ಕಂಬ ಅಥವಾ ಪೆಟ್ಟಿಗೆಯಲ್ಲಿ) ಬೀಳುವ ಎರಡು ರೆಕ್ಕೆಗಳು. ನಡುಮನೆ ಸಾಲು 5 ಕಂಬ 5, ಅಲ್ಲಿ 2 ಮತ್ತು 5. ಒಂದು ರೆಕ್ಕೆ ಸಾಲು 5 ಕಂಬ 9, ಅಲ್ಲಿ 2 ಮತ್ತು 8. ಇನ್ನೊಂದು ಸಾಲು 2 ಕಂಬ 5, ಅಲ್ಲಿ 5 ಮತ್ತು 8. ನಡುವೆ 2 ಬಂದರೆ ಮೊದಲ ರೆಕ್ಕೆ 8, 5 ಬಂದರೆ ಎರಡನೆಯದು 8. ನಡುಮನೆ ಬಿಟ್ಟರೆ ಎರಡೂ ರೆಕ್ಕೆಗಳ ದೃಷ್ಟಿಗೆ ಬೀಳುವುದು ಸಾಲು 2 ಕಂಬ 9 ಒಂದೇ, ಅಲ್ಲಿಂದ 8 ಹೋಗುತ್ತದೆ. ಇಲ್ಲಿಗೆ ನಿಲ್ಲಿಸಿದ್ದೀರಿ. ಎರಡನೆಯ ರೆಕ್ಕೆ ನಡುಮನೆಯ ಪೆಟ್ಟಿಗೆಯಲ್ಲೇ, ಸಾಲು 4 ಕಂಬ 6ರಲ್ಲಿ ಇದ್ದಿದ್ದರೆ? ಆಗ ಸಾಲು 4ರ ಕಂಬ 7, 8, 9 ಮತ್ತು ಸಾಲು 5ರ ಕಂಬ 4, 6, ಒಟ್ಟು ಐದು ಮನೆಗಳಿಂದ 8 ಅಳಿಸಬಹುದು. ಹಾಗಾಗಿ ಒಂದು ರೆಕ್ಕೆ ನಡುಮನೆಯ ಪೆಟ್ಟಿಗೆಯಲ್ಲೇ ಇರುವ ಜೋಡಣೆಯನ್ನು ಮೊದಲು ಹುಡುಕುವುದು ಲಾಭ. ಓದುಗರಿಗೆ ಬೇಕಾದ ಹೋಲಿಕೆ ಇಂಥದ್ದು.

ಎಕ್ಸ್-ವಿಂಗ್‌ನಲ್ಲಿ ಮೂರನೆಯ ಗುರುತೊಂದು ಅಡ್ಡ ಬಂದರೆ ಬಿಟ್ಟುಬಿಡಿ ಎಂದಿದ್ದೀರಿ. ಬಿಡಬೇಕಿಲ್ಲ. ಮೊದಲಿನ ಉದಾಹರಣೆಯ ಸಾಲು 2ರಲ್ಲಿ 7 ಕಂಬ 9ರಲ್ಲೂ ಇದೆ ಎನ್ನಿ. ಕಂಬ 8ರಲ್ಲಿ, ಅದೇ ಪೆಟ್ಟಿಗೆಯೊಳಗಿನ ಸಾಲು 1 ಮತ್ತು 3ರ ಮನೆಗಳಿಂದ 7 ಆಗಲೂ ಅಳಿಸಬಹುದು. ಕಂಬ 9ರ 7 ನಿಜವಾದರೆ ಪೆಟ್ಟಿಗೆಯ ಕಾರಣಕ್ಕೆ, ಅಲ್ಲದಿದ್ದರೆ ಎಕ್ಸ್-ವಿಂಗ್ ಕಾರಣಕ್ಕೆ. ಇದಕ್ಕೆ ಫಿನ್ಡ್ ಎಕ್ಸ್-ವಿಂಗ್ ಎನ್ನುತ್ತಾರೆ. ಕಠಿಣ ಸುಡೊಕುಗಳಲ್ಲಿ ಅಚ್ಚುಕಟ್ಟಾದ ಎಕ್ಸ್-ವಿಂಗ್‌ಗಿಂತ ಇದೇ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ.

‘ಈ ನಾಲ್ಕು ಗೊತ್ತಿದ್ದರೆ ಯಾವ ಸುಡೊಕುವೂ ಬಿಡಿಸಬಹುದು’ ಎಂಬ ವಾಕ್ಯ ತೆಗೆಯಿರಿ. ಫಿನ್ಲೆಂಡ್‌ನ ಗಣಿತಜ್ಞ ಆರ್ಟೊ ಇಂಕಾಲಾ 2012ರಲ್ಲಿ ಪ್ರಕಟಿಸಿದ ಸುಡೊಕು ಇವಕ್ಕೆ ಜಗ್ಗುವುದಿಲ್ಲ, ‘ಇಲ್ಲಿ ಹೀಗಾದರೆ ಅಲ್ಲಿ ಹಾಗೆ’ ಎಂದು ಮನೆಯಿಂದ ಮನೆಗೆ ಸಾಗುವ ಉದ್ದುದ್ದದ ಸರಪಳಿ ತರ್ಕ ಬೇಕು. ಕೊಟ್ಟ ಅಂಕಿ ಕಡಿಮೆಯಾದಷ್ಟೂ ಕಷ್ಟ ಎಂಬುದನ್ನೂ ತೆಗೆಯಿರಿ: ಇಂಕಾಲಾ ಅವರದರಲ್ಲಿ 21 ಅಂಕಿಗಳಿವೆ, 17 ಅಂಕಿಯ ಎಷ್ಟೋ ಸುಡೊಕುಗಳನ್ನು ಸರಾಗವಾಗಿ ಬಿಡಿಸಬಹುದು. ಸುಡೊಕು ಹುಟ್ಟಿದ್ದು ಜಪಾನಿನಲ್ಲಿ ಎಂಬ ಆರಂಭದ ಪ್ಯಾರಾ ಪೂರ್ತಿ ಬೇಡ. ಇದು 1979ರಲ್ಲಿ ಅಮೆರಿಕದ ಡೆಲ್ ಪತ್ರಿಕೆಯಲ್ಲಿ ‘ನಂಬರ್ ಪ್ಲೇಸ್’ ಎಂಬ ಹೆಸರಿನಲ್ಲಿ ಬಂದದ್ದು. ಜಪಾನಿಗೆ ಹೋದದ್ದು 1984ರಲ್ಲಿ.

ಮತ್ತೆ ಬರೆಯುವಾಗ ಒಂದೇ ಸುಡೊಕು ಆರಿಸಿಕೊಳ್ಳಿ. ಸುಲಭದ ಅಂಕಿಗಳನ್ನೆಲ್ಲ ತುಂಬಿ, ಕೆಲಸ ನಿಂತ ಹಂತದ ಚಿತ್ರವನ್ನು ಎಲ್ಲ ಪೆನ್ಸಿಲ್ ಗುರುತುಗಳ ಸಮೇತ ಕೊಡಿ. ಅದೇ ಚಿತ್ರದ ಮೇಲೆ ಎಕ್ಸ್-ವಿಂಗ್ ಏನು ಅಳಿಸಿತು, ಎಕ್ಸ್‌ವೈ-ವಿಂಗ್ ಏನು ಅಳಿಸಿತು ಎಂದು ತೋರಿಸಿ. ‘ಮೇಲಿನ ಬಲಗಡೆಯ ಮನೆ’ ಎನ್ನದೆ ಪ್ರತಿ ಸಲವೂ ಸಾಲು, ಕಂಬದ ಸಂಖ್ಯೆ ಹೇಳಿ. ಕಳಿಸುವ ಮೊದಲು ಉತ್ತರ ಒಂದೇ ಇದೆಯೇ ಎಂದು ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡಿ. ನಿಮ್ಮ ಮೂರನೆಯ ಚಿತ್ರಕ್ಕೆ ಎರಡು ಉತ್ತರಗಳಿವೆ. ಒಂಬೈನೂರು ಪದ ಮೀರದಿರಲಿ.

ಇಂತಿ,
ಸಂಪಾದಕರು