ಮಂಗಳೂರಿನಲ್ಲಿ ಹುಟ್ಟಿದ ಮಗುವಿಗೆ ಬದಿಯಡ್ಕದಲ್ಲಿ ಉಳಿದ ಲಸಿಕೆ ಹಾಕಿಸಬಹುದೇ?

ಹೆರಿಗೆ ಮಂಗಳೂರಿನಲ್ಲಿ ಆಗಿ, ಆರನೇ ವಾರದ ಚುಚ್ಚುಮದ್ದನ್ನು ಪುತ್ತೂರಿನ ತವರಿನಲ್ಲಿದ್ದಾಗ ಹಾಕಿಸಿ, ಹತ್ತನೇ ವಾರದ್ದು ಮಗುವಿನ ಶೀತದಿಂದಾಗಿ ತಪ್ಪಿಹೋಗಿ, ಈಗ ಮೂರು ತಿಂಗಳ ಕೂಸಿನೊಂದಿಗೆ ಬದಿಯಡ್ಕದ ಗಂಡನ ಮನೆಗೆ ಬಂದಿದ್ದೀರಿ. ಉಳಿದದ್ದನ್ನು ಕೇರಳದಲ್ಲಿ ಹಾಕುತ್ತಾರೆಯೇ, ಮೊದಲಿನಿಂದ ಶುರು ಮಾಡಬೇಕೇ ಎಂಬುದು ನಿಮ್ಮ ಪ್ರಶ್ನೆ. ಹಾಕುತ್ತಾರೆ, ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಕಾಸರಗೋಡಿನ ಗಡಿ ಪಂಚಾಯತಿಯೊಂದರ ಉಪಕೇಂದ್ರದಲ್ಲಿ ದಾದಿಯಾಗಿದ್ದ ನನಗೆ ಈ ಪ್ರಶ್ನೆ ಹೊಸದಲ್ಲ, ಏಕೆಂದರೆ ತವರು ಒಂದು ರಾಜ್ಯದಲ್ಲಿ, ಗಂಡನ ಮನೆ ಇನ್ನೊಂದರಲ್ಲಿ ಇರುವುದು ನಮ್ಮಲ್ಲಿ ಮಾಮೂಲು.

ಲಸಿಕೆಯ ವೇಳಾಪಟ್ಟಿ ಇಡೀ ದೇಶಕ್ಕೆ ಒಂದೇ, ಅದೂ ಉಚಿತ. ಹಾಕಿಸಿದ ಲಸಿಕೆಗಳನ್ನು ಬರೆದಿರುವ ಕರ್ನಾಟಕದ ತಾಯಿ ಕಾರ್ಡನ್ನು ಒಯ್ದು ತೋರಿಸಿದರೆ ಸಾಕು. ಆದರೆ ಅಲ್ಲಿನ ಆಶಾ ಕಾರ್ಯಕರ್ತೆ ಮಗು ಕೇರಳಕ್ಕೆ ಹೋಯಿತೆಂದು, ಇಲ್ಲಿನವರು ತವರಿನಲ್ಲೇ ಇದೆಯೆಂದು ತಿಳಿದು, ಮಗು ಎರಡೂ ಕಡೆಯ ಪುಸ್ತಕದಿಂದ ಜಾರಿಹೋಗುವುದುಂಟು. ಆದ್ದರಿಂದ ನಿಮ್ಮ ವಾರ್ಡಿನ ಆಶಾ ಬಳಿ ಮೊದಲು ಹೆಸರು ಬರೆಸಿ.

ಈಗ ಹಾಕಬೇಕಾದದ್ದು ಪೆಂಟಾವಲೆಂಟ್, ಪೋಲಿಯೋ ಹನಿ ಮತ್ತು ಭೇದಿ ತಡೆಯುವ ರೋಟಾ ಲಸಿಕೆಯ ಎರಡನೇ ಸರದಿ. ಅದಾದ ಕನಿಷ್ಠ ನಾಲ್ಕು ವಾರಗಳ ನಂತರ ಮೂರನೆಯದು. ಪೆಂಟಾವಲೆಂಟ್ ಒಂದರಲ್ಲೇ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ (ನ್ಯುಮೋನಿಯಾ, ಮಿದುಳು ಪೊರೆಯ ಉರಿಯೂತ ತರುವ ಬ್ಯಾಕ್ಟೀರಿಯಾ) ಸೋಂಕಿನಿಂದ ರಕ್ಷಣೆ ಇದೆ. ಇವುಗಳಲ್ಲಿ ನಾಯಿಕೆಮ್ಮು ಹೆಚ್ಚು ಅಪಾಯ ಮಾಡುವುದು ಮೊದಲ ಕೆಲವು ತಿಂಗಳುಗಳಲ್ಲೇ ಆದ್ದರಿಂದ, ‘ಸ್ವಲ್ಪ ದೊಡ್ಡದಾಗಲಿ’ ಎಂದು ಕಾಯುವ ಲೆಕ್ಕಾಚಾರ ತಲೆಕೆಳಗಾದದ್ದು. ಸಾಮಾನ್ಯ ಶೀತ, ಸಣ್ಣ ಕೆಮ್ಮು ಲಸಿಕೆ ಮುಂದೂಡಲು ಕಾರಣವಲ್ಲ. ಜೋರು ಜ್ವರವಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ ತೀರ್ಮಾನಿಸಿ.

ಇಲ್ಲಿ ಲಸಿಕೆಯ ದಿನ ಸಾಮಾನ್ಯವಾಗಿ ಬುಧವಾರ. ಪೆಂಟಾವಲೆಂಟನ್ನು ಎಡತೊಡೆಯ ಹೊರಭಾಗಕ್ಕೆ ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದನ್ನು ಕಾಟವೆಂದುಕೊಳ್ಳಬೇಡಿ, ಅಪರೂಪದ ಅಲರ್ಜಿ ಕಾಣಿಸಿಕೊಂಡರೆ ಕೈಗೆಟಕುವಲ್ಲಿ ಮದ್ದಿರಲಿ ಎಂಬುದಷ್ಟೇ ಅದರ ಉದ್ದೇಶ. ರಾತ್ರಿ ಜ್ವರ ಬಂದರೆ ದಾದಿ ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಕೊಡಿ. ಚುಚ್ಚಿದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಲು ಅಜ್ಜಿಯಂದಿರು ಮುಂದಾಗುತ್ತಾರೆ. ಅವರನ್ನು ತಡೆಯುವುದು ನನ್ನ ವೃತ್ತಿಯ ಕಷ್ಟದ ಭಾಗವಾಗಿತ್ತು.

ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಲಸಿಕೆಯ, ಹಲವು ಮಕ್ಕಳಿಗಾಗುವ ಸೀಸೆಯನ್ನು ಕಲಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಹಾಗಾಗಿ ಅದಕ್ಕೆ ಹೇಳಿದ ದಿನವೇ ಹೋಗಿ. ನಮ್ಮಲ್ಲಿ ತೀರ ಹೆಚ್ಚು ತಪ್ಪಿಹೋಗುತ್ತಿದ್ದದ್ದು 16ರಿಂದ 24 ತಿಂಗಳೊಳಗಿನ ಡಿಪಿಟಿ ಬೂಸ್ಟರ್, ಅಂದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿನ ರಕ್ಷಣೆಯನ್ನು ಮತ್ತೆ ಗಟ್ಟಿಮಾಡುವ ಚುಚ್ಚುಮದ್ದು. ಆಗ ಮಗು ಓಡಾಡುತ್ತಿರುತ್ತದೆ, ಕಾರ್ಡು ಕಪಾಟು ಸೇರಿರುತ್ತದೆ. 2016ರಲ್ಲಿ ಮಲಪ್ಪುರಂನಲ್ಲಿ ಗಂಟಲಮಾರಿ ಮತ್ತೆ ಕಾಣಿಸಿಕೊಂಡು ಹದಿಹರೆಯದವರೂ ಸತ್ತದ್ದು ಲಸಿಕೆ ಪೂರ್ತಿಯಾಗದ ಮನೆಗಳಿದ್ದ ಕಡೆಯೇ. ಆ ಬೂಸ್ಟರಿನ ತಿಂಗಳನ್ನು ಈಗಲೇ ಫೋನಿನಲ್ಲಿ ಗುರುತು ಹಾಕಿಡಿ, ಆ ಹೊತ್ತಿಗೆ ನೀವು ಪುತ್ತೂರಿನಲ್ಲಿದ್ದರೆ ಅಲ್ಲೇ ಹಾಕಿಸಿ.