ಪಿಡಿಎಫ್ ತುಂಬಾ ಇವೆ, ಲೆಕ್ಕದ ಮೊದಲ ಸಾಲು ಮಾತ್ರ ಹೊಳೆಯುವುದಿಲ್ಲ

ಪದವಿ ಕೊನೆಯ ವರ್ಷದ ಫಿಸಿಕ್ಸ್ ವಿದ್ಯಾರ್ಥಿನಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಆಕೆ ಕೇಳಿದ್ದು ಇಷ್ಟೇ: "ಮೇಡಂ, ಕ್ವಾಂಟಂ ಮೆಕ್ಯಾನಿಕ್ಸ್‌ಗೆ ಬಿಡಿಸಿದ ಲೆಕ್ಕಗಳು ಇನ್ನೂ ಎಲ್ಲಿ ಸಿಗುತ್ತವೆ?" ಲ್ಯಾಪ್‌ಟಾಪ್‌ನಲ್ಲಿ ಆಗಲೇ ಫೋಲ್ಡರ್ ತುಂಬಾ ಪಿಡಿಎಫ್‌ಗಳಿದ್ದವು. ಓದಿದಾಗ ಎಲ್ಲಾ ಅರ್ಥವಾಗುತ್ತದೆ, ಪರೀಕ್ಷೆಯಲ್ಲಿ ಮೊದಲ ಸಾಲೇ ಹೊಳೆಯುವುದಿಲ್ಲ ಅಂದಳು. ತನಗೆ ಬುದ್ಧಿ ಸಾಲದು ಅಂತ ತೀರ್ಮಾನವನ್ನೂ ಮಾಡಿಕೊಂಡಿದ್ದಳು.

ಒಂದು ಸಣ್ಣ ಲೆಕ್ಕ ಕೊಟ್ಟೆ. ಅನಂತ ಎತ್ತರದ ಗೋಡೆಗಳ ನಡುವೆ ಒಂದು ಎಲೆಕ್ಟ್ರಾನ್. ಅದರ ಸ್ಥಿತಿ ಮೊದಲ ಎರಡು ಶಕ್ತಿ ಮಟ್ಟಗಳ ಸಮಪಾಲು ಮಿಶ್ರಣ. ಸರಾಸರಿ ಶಕ್ತಿ ಎಷ್ಟು? ಆಕೆ ಉದ್ದದ ಇಂಟಿಗ್ರಲ್ ಬರೆಯಲು ಹೋಗಿ ಅರ್ಧದಲ್ಲಿ ಸಿಕ್ಕಿಹಾಕಿಕೊಂಡಳು. ಅದು ಬೇಕೇ ಇರಲಿಲ್ಲ. ಎರಡನೇ ಮಟ್ಟದ ಶಕ್ತಿ ಮೊದಲಿನದರ 4 ಪಟ್ಟು, ಎರಡಕ್ಕೂ ಸಾಧ್ಯತೆ ಅರ್ಧರ್ಧ. ಸರಾಸರಿ 2.5 ಪಟ್ಟು. "ಒಂದು ಸಲ ಅಳೆದರೆ 2.5 ಸಿಗುತ್ತದಾ?" ಎಂದೆ. "ಸಿಗುತ್ತೆ" ಅಂದಳು. ಸಿಗುವುದಿಲ್ಲ. 1 ಇಲ್ಲವೇ 4, ಅಷ್ಟೇ. 2.5 ಬರುವುದು ಒಂದೇ ಥರ ಸಿದ್ಧಪಡಿಸಿದ ಬಹಳ ಎಲೆಕ್ಟ್ರಾನ್‌ಗಳನ್ನು ಅಳೆದು ಸರಾಸರಿ ತೆಗೆದಾಗ.

ಬುದ್ಧಿಯ ಕೊರತೆ ನನಗೆ ಕಾಣಲಿಲ್ಲ. ಬಿಡಿಸಿದ ಉತ್ತರದಲ್ಲಿ ಸಾಲಿನಿಂದ ಸಾಲಿಗೆ ಗಣಿತ ಇರುತ್ತದೆ. ಆ ದಾರಿಯನ್ನೇ ಯಾಕೆ ಹಿಡಿದರು ಅನ್ನುವುದು ಬಹಳ ಸಲ ಇರುವುದಿಲ್ಲ. ಪರೀಕ್ಷೆ ಕೇಳುವುದು ಅದನ್ನೇ ಅಲ್ವಾ? ಜೊತೆಗೆ ಮ್ಯಾಟ್ರಿಕ್ಸ್‌ಗಳ ಐಗನ್ ವ್ಯಾಲ್ಯೂ (ಅಳೆದಾಗ ಸಿಗಬಹುದಾದ ಬೆಲೆಗಳು ಇವೇ) ಕಂಡುಹಿಡಿಯುವುದು ಆಕೆಗೆ ಮರೆತೇಹೋಗಿತ್ತು. ಮೊದಲ ವಾರ ಹೊಸದೇನೂ ಬೇಡ, ಬರೀ ಎರಡು ಸಾಲು ಎರಡು ಕಂಬದ ಮ್ಯಾಟ್ರಿಕ್ಸ್‌ಗಳನ್ನು ಬಿಡಿಸು ಎಂದೆ. ಎಲೆಕ್ಟ್ರಾನ್ ತನ್ನಲ್ಲೇ ಹೊತ್ತಿರುವ ಸ್ಪಿನ್ ಎಂಬ ಗುಣವನ್ನು ಬರೆಯುವುದು ಇಂಥ ಮ್ಯಾಟ್ರಿಕ್ಸ್‌ಗಳಲ್ಲೇ, ಹಾಗಾಗಿ ಸ್ಪಿನ್ ಲೆಕ್ಕಗಳು ಅರ್ಧ ಅಲ್ಲೇ ಹಗುರವಾಗುತ್ತವೆ.

ಆಮೇಲೆ ಸಾಮಗ್ರಿ ಕಡಿಮೆ ಮಾಡಿಸಿದೆ. ಓದಲು ಗ್ರಿಫಿತ್ಸ್ ಬರೆದ ಕ್ವಾಂಟಂ ಮೆಕ್ಯಾನಿಕ್ಸ್ ಪಠ್ಯಪುಸ್ತಕ. ಬಿಡಿಸಿದ ಲೆಕ್ಕಗಳಿಗೆ ಝೆಟ್ಟಿಲಿ ಬರೆದ ಪುಸ್ತಕ, ಅದರಲ್ಲಿ ಪ್ರತಿ ಅಧ್ಯಾಯದ ಕೊನೆಗೆ ಪೂರ್ತಿ ಉತ್ತರವಿರುವ ಲೆಕ್ಕಗಳಿವೆ, ಆಮೇಲೆ ನಾವೇ ಮಾಡಬೇಕಾದವು. ಕೇಳಲು ಎಂಐಟಿ ಓಪನ್‌ಕೋರ್ಸ್‌ವೇರ್‌ನ 8.04 ಎಂಬ ಕ್ವಾಂಟಂ ಫಿಸಿಕ್ಸ್ ಕೋರ್ಸ್, ಪಾಠದ ವೀಡಿಯೊ, ಪ್ರಾಬ್ಲಂ ಸೆಟ್ ಎರಡೂ ಉಚಿತ. ಎರಡೇ ಸ್ಥಿತಿಗಳ ವ್ಯವಸ್ಥೆ ಮನಸ್ಸಿಗೆ ಇಳಿಯದಿದ್ದರೆ ಫೈನ್‌ಮನ್ ಉಪನ್ಯಾಸಗಳ ಮೂರನೇ ಸಂಪುಟದಲ್ಲಿ ಅಮೋನಿಯಾ ಅಣುವಿನ ಭಾಗ ಓದು, ಅದೂ ಆನ್‌ಲೈನ್‌ನಲ್ಲಿ ಉಚಿತ. ಯಾರೋ ಸ್ಕ್ಯಾನ್ ಮಾಡಿ ಹಂಚಿದ ಉತ್ತರಗಳನ್ನು ಪಕ್ಕಕ್ಕಿಡಿಸಿದೆ. ಅವುಗಳಲ್ಲಿ ತಪ್ಪಿದ್ದರೆ ಹೇಳುವವರು ಯಾರೂ ಇರುವುದಿಲ್ಲ.

ಬಳಸುವ ರೀತಿಗೆ ಜಾಸ್ತಿ ಹೊತ್ತು ಕೊಟ್ಟೆ. ಉತ್ತರವನ್ನು ಹಾಳೆಯಿಂದ ಮುಚ್ಚು. ಏನು ಕೇಳಿದ್ದಾರೆ, ಯಾವ ಐಗನ್ ಸ್ಥಿತಿಗಳಲ್ಲಿ (ಅಳೆದರೆ ಒಂದೇ ನಿಶ್ಚಿತ ಬೆಲೆ ಕೊಡುವ ಸ್ಥಿತಿಗಳು) ಬರೆದರೆ ಸುಲಭ, ಉತ್ತರದ ಯೂನಿಟ್ ಏನಿರಬೇಕು ಅಂತ ಮೊದಲೇ ಬರೆ. ಕಾಲು ಗಂಟೆ ಒದ್ದಾಡು. ಆಗದಿದ್ದರೆ ಒಂದೇ ಸಾಲು ತೆರೆದು ನೋಡಿ ಮತ್ತೆ ಮುಚ್ಚು. ಮರುದಿನ ಅದೇ ಲೆಕ್ಕವನ್ನು ನೋಡದೆ ಮಾಡು. ಆಮೇಲೆ ಲೆಕ್ಕವನ್ನೇ ಸ್ವಲ್ಪ ತಿರುಚು. ಉದಾಹರಣೆಗೆ, ಎಲೆಕ್ಟ್ರಾನ್ ಅತಿ ಕೆಳಗಿನ ಮಟ್ಟದಲ್ಲಿದ್ದಾಗ ಒಂದು ಗೋಡೆ ಸರಿದು ಪೆಟ್ಟಿಗೆ ದಿಢೀರನೆ ಎರಡರಷ್ಟು ಅಗಲವಾದರೆ? ಹೊಸ ಪೆಟ್ಟಿಗೆಯ ಕೆಳಮಟ್ಟದಲ್ಲೇ ಸಿಗುವ ಸಾಧ್ಯತೆ ಜಾಸ್ತಿ ಅಂತ ಬಹಳ ಜನ ಊಹಿಸುತ್ತಾರೆ. ನಿಜಕ್ಕೂ ಅದು ಸುಮಾರು 0.36, ಎರಡನೇ ಮಟ್ಟಕ್ಕೆ ಸರಿಯಾಗಿ 0.5. ಯಾಕೆ ಅಂತ ಚಿತ್ರ ಬಿಡಿಸಿ ನೋಡು ಎಂದೆ.

ಎರಡು ದಿನ ಕಳೆದರೂ ಬಗೆಹರಿಯದ ಲೆಕ್ಕವನ್ನು ಅಧ್ಯಾಪಕರ ಬಳಿ ಒಯ್ಯಬೇಕು. ಖಾಲಿ ಕೈಯಲ್ಲಿ ಬೇಡ, ಎಲ್ಲಿ ನಿಂತಿತೋ ಆ ಹಾಳೆಯ ಸಮೇತ.