ಅವರದ್ದಾದರೆ ಸ್ವಭಾವ, ನಮ್ಮದಾದರೆ ಸಂದರ್ಭ

ಪ್ರಶ್ನೆ: ನಮ್ಮ ತಂಡದ ಒಬ್ಬರು ಎರಡು ಸಲ ಕೆಲಸವನ್ನು ತಡವಾಗಿ ಒಪ್ಪಿಸಿದರು. ‘ಜವಾಬ್ದಾರಿ ಇಲ್ಲದ ಮನುಷ್ಯ’ ಎಂದು ತೀರ್ಮಾನಿಸಿಬಿಟ್ಟೆ. ಹೋದ ವಾರ ನನ್ನ ವರದಿಯೇ ತಡವಾಯಿತು. ಅದಕ್ಕೆ ನನ್ನ ಬಳಿ ನಾಲ್ಕು ಕಾರಣಗಳಿದ್ದವು, ನಾಲ್ಕೂ ನಿಜ. ನಾನು ನನಗೇ ಸುಳ್ಳು ಹೇಳಿಕೊಳ್ಳುತ್ತಿದ್ದೇನೆಯೇ?

ಉತ್ತರ: ಇಲ್ಲ. ನಿಮ್ಮ ನಾಲ್ಕು ಕಾರಣಗಳನ್ನು ನಾವು ಪೂರ್ತಿ ನಂಬುತ್ತೇವೆ. ಅವರಿಗೂ ಅಂಥ ನಾಲ್ಕು ಇದ್ದಿರಬಹುದು, ಅವು ನಿಮ್ಮ ಕಣ್ಣಿಗೆ ಬೀಳಲಿಲ್ಲ. ನಾವು ಕೆಲಸ ಮಾಡುವಾಗ ದೃಷ್ಟಿ ಹೊರಗಡೆ, ಅಡ್ಡ ಬಂದ ಸಂಗತಿಗಳ ಮೇಲಿರುತ್ತದೆ. ಬೇರೆಯವರನ್ನು ನೋಡುವಾಗ ಆ ಮನುಷ್ಯನೇ ಕಣ್ತುಂಬ ನಿಂತಿರುತ್ತಾನೆ, ಅವನ ಹಿಂದಿನದ್ದು ಮರೆಯಾಗುತ್ತದೆ. 1973ರಲ್ಲಿ ಮನೋವಿಜ್ಞಾನಿ ಮೈಕೆಲ್ ಸ್ಟಾರ್ಮ್ಸ್ ಇದನ್ನು ತಿರುಗಿಸಿ ನೋಡಿದರು. ಮಾತುಕತೆ ನಡೆಸಿದವರಿಗೆ ಎದುರಿನವರ ಜಾಗದಿಂದ ತೆಗೆದ, ಅವರದೇ ಮುಖ ಕಾಣುವ ವಿಡಿಯೊ ತೋರಿಸಿದಾಗ, ‘ನಾನು ಹಾಗೆ ನಡೆದುಕೊಂಡದ್ದಕ್ಕೆ ನನ್ನ ಸ್ವಭಾವವೇ ಕಾರಣ’ ಎನ್ನುವ ಒಲವು ಹೆಚ್ಚಿತು.

ಹಾಗಂತ ಸಂದರ್ಭ ಕಣ್ಣಿಗೆ ಕಂಡರೆ ಸಾಕು ಎಂದುಕೊಳ್ಳಬೇಡಿ. ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ 1967ರ ಪ್ರಯೋಗದಲ್ಲಿ ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೊ ಪರ ಮತ್ತು ವಿರುದ್ಧ ಬರೆದ ಪ್ರಬಂಧಗಳನ್ನು ಓದಿಸಿದರು. ‘ಯಾವ ಪಕ್ಷ ಹಿಡಿಯಬೇಕೆಂದು ಬರೆದವರಿಗೆ ಮೊದಲೇ ವಿಧಿಸಲಾಗಿತ್ತು’ ಎಂದು ತಿಳಿಸಿದ ಮೇಲೂ, ಪರವಾಗಿ ಬರೆದವರು ನಿಜಕ್ಕೂ ಪರವಾಗಿದ್ದಾರೆ ಎಂದೇ ಓದುಗರು ಅಂದಾಜಿಸಿದರು. 1977ರಲ್ಲಿ ಲೀ ರಾಸ್ ಈ ಒಲವಿಗೆ ‘ಮೂಲಭೂತ ಕಾರಣಾರೋಪ ದೋಷ’ ಎಂಬ ಅರ್ಥದ ಹೆಸರಿಟ್ಟರು. ಸಂದರ್ಭದ ಒತ್ತಡವನ್ನು ಕಡಿಮೆ ಎಣಿಸಿ ಸ್ವಭಾವವನ್ನು ಹೆಚ್ಚು ಎಣಿಸುವುದು ಇದರ ಸಾರ.

ಇನ್ನೊಂದು ಮಾತು. ನಮ್ಮದಕ್ಕೆ ಸಂದರ್ಭ, ಅವರದ್ದಕ್ಕೆ ಸ್ವಭಾವ ಎನ್ನುವುದು ಎಲ್ಲ ಕಡೆಗೂ ಅನ್ವಯಿಸುವ ನಿಯಮ ಎಂದು ಬಹಳ ಕಾಲ ಪಾಠ ಹೇಳಲಾಯಿತು. ಬರ್ಟ್ರಾಮ್ ಮಾಲೆ 2006ರಲ್ಲಿ 173 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕಹಾಕಿದಾಗ ಸರಾಸರಿ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ. ಕೆಟ್ಟ ಘಟನೆಗಳಲ್ಲಿ ಮಾತ್ರ ಅದು ಕಾಣಿಸಿತು, ಒಳ್ಳೆಯ ಘಟನೆಗಳಲ್ಲಿ ತಿರುಗುಮುರುಗಾಯಿತು. ಗೆದ್ದರೆ ನನ್ನ ಕೈಚಳಕ, ಸೋತರೆ ನೆಲ ಡೊಂಕು. ಕುಣಿಯಲಾರದವಳ ಗಾದೆ ಇದನ್ನೇ ಹೇಳುತ್ತದೆ. ತಡವಾಗುವುದು ಕೆಟ್ಟ ಘಟನೆ, ಆದ್ದರಿಂದ ನಿಮ್ಮ ಅನುಭವ ಸರಿಯಾಗಿ ಆ ಜಾಗದಲ್ಲೇ ಬೀಳುತ್ತದೆ.

ಪ್ರಶ್ನೆ: ಇದೆಲ್ಲ ಓದಿದ್ದೇನೆ. ಆದರೂ ಜನರ ಮೇಲೆ ತಕ್ಷಣ ತೀರ್ಪು ಕೊಡುವುದು ನಿಲ್ಲುತ್ತಿಲ್ಲ. ದಿನನಿತ್ಯ ಮಾಡಬಹುದಾದ್ದನ್ನು ಹೇಳಿ.

ಉತ್ತರ: ತಕ್ಷಣದ ತೀರ್ಪನ್ನು ನಿಲ್ಲಿಸಲು ಹೋಗಬೇಡಿ, ಅದು ಆಗದು. ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದ ಪ್ರಕಾರ, ವಿಡಿಯೊದಲ್ಲಿ ಚಡಪಡಿಸುತ್ತ ಮಾತಾಡುವ ಮಹಿಳೆಯನ್ನು ನೋಡಿದವರಿಗೆ ‘ಇವಳು ಅಂಜುಬುರುಕಿ’ ಎಂಬ ಮೊದಲ ಹೆಜ್ಜೆ ತಾನಾಗಿಯೇ ಬರುತ್ತದೆ. ‘ಅವಳಿಗೆ ಕೇಳಿದ ವಿಷಯವೇ ಮುಜುಗರದ್ದು’ ಎಂದು ಅದನ್ನು ತಿದ್ದುವ ಎರಡನೆಯ ಹೆಜ್ಜೆಗೆ ಗಮನ ಬೇಕು. ನೋಡುವವರ ತಲೆಗೆ ಬೇರೊಂದು ಕೆಲಸ ಹಚ್ಚಿದಾಗ ಎರಡನೆಯ ಹೆಜ್ಜೆಯೇ ಬಿದ್ದುಹೋಯಿತು. ದಣಿದಾಗ, ಅವಸರದಲ್ಲಿ, ಫೋನ್ ನೋಡುತ್ತ ಯಾರ ಬಗ್ಗೆಯೂ ಅಭಿಪ್ರಾಯ ಬರೆದು ಕಳಿಸಬೇಡಿ ಎನ್ನುವುದಕ್ಕೆ ಇದೇ ಆಧಾರ.

ಎರಡನೆಯ ಹೆಜ್ಜೆಗೆ ಹೆರಾಲ್ಡ್ ಕೆಲ್ಲಿ 1967ರಲ್ಲಿ ಕೊಟ್ಟ ಮೂರು ಪ್ರಶ್ನೆಗಳಿಗಿಂತ ಒಳ್ಳೆಯ ಸಲಕರಣೆ ನಮಗೆ ಗೊತ್ತಿಲ್ಲ. ಮೇಲಿನ ಓದುಗರ ಸಹೋದ್ಯೋಗಿಯನ್ನೇ ತೆಗೆದುಕೊಳ್ಳಿ. ಇದೇ ಕೆಲಸ ಕೊಟ್ಟರೆ ಬೇರೆಯವರೂ ತಡಮಾಡುತ್ತಾರೆಯೇ? ಇವರು ಬೇರೆ ಕೆಲಸಗಳಲ್ಲೂ ತಡವೇ? ಈ ಕೆಲಸದಲ್ಲಿ ಪ್ರತಿ ಸಲವೂ ತಡವೇ? ಬೇರೆಯವರು ತಡಮಾಡುವುದಿಲ್ಲ, ಇವರು ಮಾತ್ರ ಎಲ್ಲದರಲ್ಲೂ, ಯಾವಾಗಲೂ ತಡ ಎಂದಾದರೆ ಕಾರಣ ಇವರಲ್ಲೇ ಇದೆ. ಎಲ್ಲರೂ ತಡ, ಇದೊಂದೇ ಕೆಲಸದಲ್ಲಿ, ಪ್ರತಿ ಸಲವೂ ತಡ ಎಂದಾದರೆ ದೋಷ ಕೆಲಸದ ಏರ್ಪಾಟಿನಲ್ಲಿದೆ. ಯಾವಾಗಲೋ ಒಮ್ಮೆ ಎಂದಾದರೆ ಆ ದಿನ ಏನಾಯಿತೆಂದು ವಿಚಾರಿಸಬೇಕು.

ತಪ್ಪುವುದು ಎರಡು ಕಡೆ. ಮೊದಲ ಪ್ರಶ್ನೆಯನ್ನು ಜನ ಹಾರಿಸುತ್ತಾರೆ, ಏಕೆಂದರೆ ಬೇರೆಯವರ ಲೆಕ್ಕ ಹುಡುಕಿ ತೆಗೆಯಬೇಕು, ಮುಂದೆ ನಿಂತ ವ್ಯಕ್ತಿ ಸುಮ್ಮನೆ ಕಾಣುತ್ತಾನೆ. ಇನ್ನೊಂದು, ಎರಡು ಸಲವನ್ನು ‘ಯಾವಾಗಲೂ’ ಎಂದು ಓದಿಕೊಳ್ಳುವುದು. ಹಿಂದಿನ ಹತ್ತು ಕೆಲಸಗಳ ದಿನಾಂಕ ತೆಗೆದು ಎಣಿಸಿ, ನೆನಪನ್ನು ನೆಚ್ಚಬೇಡಿ. ವಿಚಾರಿಸುವಾಗ ‘ಯಾಕೆ ತಡಮಾಡಿದಿರಿ?’ ಎಂದರೆ ಸಮರ್ಥನೆ ಬರುತ್ತದೆ. ‘ಯಾವ ಹಂತದಲ್ಲಿ ನಿಂತಿತು?’ ಎಂದರೆ ಮಾಹಿತಿ ಬರುತ್ತದೆ.

ಪ್ರಶ್ನೆ: ಮನೆಗೆಲಸದ ಮುಕ್ಕಾಲು ಪಾಲು ನಾನೇ ಮಾಡುತ್ತೇನೆ. ನನ್ನ ಸಂಗಾತಿ ತಾನೂ ಅರ್ಧಕ್ಕಿಂತ ಹೆಚ್ಚು ಮಾಡುತ್ತೇನೆ ಎನ್ನುತ್ತಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕಲ್ಲವೇ?

ಉತ್ತರ: ಬೇಕಿಲ್ಲ. ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ 1979ರಲ್ಲಿ ದಂಪತಿಗಳನ್ನು ಬೇರೆಬೇರೆಯಾಗಿ ಕೇಳಿದಾಗ ಹೆಚ್ಚಿನ ಕೆಲಸಗಳಲ್ಲಿ ಇಬ್ಬರ ಪಾಲು ಕೂಡಿಸಿದರೆ ನೂರು ದಾಟುತ್ತಿತ್ತು. ಜಗಳ ಶುರುಮಾಡಿದ್ದು ಯಾರು ಎಂಬಂಥ ಅಹಿತಕರ ವಿಷಯಗಳಲ್ಲೂ ಹೀಗೇ ಆದದ್ದರಿಂದ ಇದು ಬರೀ ಹೊಗಳಿಕೆಯ ಆಸೆಯಲ್ಲ. ನಾವು ಮಾಡಿದ್ದು ನಮಗೆ ಸುಲಭವಾಗಿ ನೆನಪಾಗುತ್ತದೆ. ಶೇಕಡಾ ಲೆಕ್ಕ ಬಿಡಿ. ಒಂದು ವಾರ ಇಬ್ಬರೂ ಮಾಡಿದ್ದನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಬಿಲ್ ಕಟ್ಟುವ ದಿನ ನೆನಪಿಟ್ಟುಕೊಳ್ಳುವಂಥ ತಲೆಯೊಳಗಿನ ಕೆಲಸಗಳನ್ನೂ ಬರೆಯಬೇಕು, ವಾದ ಸಾಮಾನ್ಯವಾಗಿ ಅಲ್ಲೇ ಹುಟ್ಟುತ್ತದೆ. ಲೆಕ್ಕ ಹಾಕಿದ ಮೇಲೂ ಮುಕ್ಕಾಲು ಪಾಲು ನಿಮ್ಮದೇ ಎಂದು ಬಂದರೆ ಅದು ಪೂರ್ವಗ್ರಹವಲ್ಲ, ಅನ್ಯಾಯ. ಹಂಚಿಕೆಯನ್ನೇ ಬದಲಿಸಬೇಕು.

ಪ್ರಶ್ನೆ: ಮಗಳಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದರೆ ‘ನಾನು ದಡ್ಡಿ’ ಎನ್ನುತ್ತಾಳೆ, ಚೆನ್ನಾಗಿ ಬಂದರೆ ‘ಪ್ರಶ್ನೆಪತ್ರಿಕೆ ಸುಲಭವಿತ್ತು’ ಎನ್ನುತ್ತಾಳೆ. ಇದು ವಿನಯವೇ?

ಉತ್ತರ: ಇದನ್ನು ವಿನಯವೆಂದು ಮೆಚ್ಚಿಕೊಂಡು ಸುಮ್ಮನಾಗಬೇಡಿ. ಲಿನ್ ಆಬ್ರಾಮ್ಸನ್, ಮಾರ್ಟಿನ್ ಸೆಲಿಗ್‌ಮನ್ ಮತ್ತು ಜಾನ್ ಟೀಸ್‌ಡೇಲ್ 1978ರಲ್ಲಿ ಖಿನ್ನತೆಗೆ ಎಡೆಮಾಡುವ ವಿವರಣೆಯ ಮೂರು ಗುರುತುಗಳನ್ನು ಹೇಳಿದರು: ಕಾರಣ ನನ್ನೊಳಗೇ ಇದೆ, ಎಂದಿಗೂ ಬದಲಾಗದು, ಎಲ್ಲದಕ್ಕೂ ಹಬ್ಬಿದೆ. ‘ನಾನು ದಡ್ಡಿ’ ಎಂಬ ಎರಡೇ ಪದಗಳಲ್ಲಿ ಮೂರೂ ಇವೆ.

‘ಇಲ್ಲ, ನೀನು ಜಾಣೆ’ ಎಂದು ಎದುರಾಡಿದರೆ ಅವಳು ನಂಬುವುದಿಲ್ಲ. ಅಂಕ ಮುಂದೆ ಏರಬಲ್ಲದು ಎಂಬ ಮಾಹಿತಿ ನೆರವಾಗುತ್ತದೆ. ಟಿಮೊತಿ ವಿಲ್ಸನ್ ಮತ್ತು ಪೆಟ್ರಿಷಿಯಾ ಲಿನ್ವಿಲ್ ಅವರ 1982ರ ಪ್ರಯೋಗದಲ್ಲಿ, ಅಂಕಗಳ ಚಿಂತೆಯಲ್ಲಿದ್ದ ಮೊದಲ ವರ್ಷದ ಕಾಲೇಜು ವಿದ್ಯಾರ್ಥಿಗಳಿಗೆ ‘ಮೊದಲ ವರ್ಷ ಅನೇಕರಿಗೆ ಕಡಿಮೆ ಬರುತ್ತದೆ, ಆಮೇಲೆ ಏರುತ್ತದೆ’ ಎಂದು ಹಿರಿಯ ವಿದ್ಯಾರ್ಥಿಗಳ ಬಾಯಿಂದಲೇ ವಿಡಿಯೊದಲ್ಲಿ ಕೇಳಿಸಲಾಯಿತು. ಎರಡನೆಯ ವರ್ಷದ ಕೊನೆಗೆ ಅವರಲ್ಲಿ ಕಾಲೇಜು ಬಿಟ್ಟವರು ಶೇ 5, ಆ ಮಾಹಿತಿ ಸಿಗದವರಲ್ಲಿ ಶೇ 25. ಗುಂಪು ಚಿಕ್ಕದು, ಆದರೆ ದಾರಿ ಸರಿಯಾದದ್ದು.

ಮನೆಯಲ್ಲಿ ಹೀಗೆ ಮಾಡಿ. ಉತ್ತರಪತ್ರಿಕೆ ಬಂದ ಮಾರನೆಯ ದಿನ, ಬೇಸರ ಇಳಿದ ಮೇಲೆ, ಕಳೆದುಕೊಂಡ ಪ್ರತಿ ಅಂಕದ ಪಕ್ಕ ಅವಳ ಕೈಯಲ್ಲೇ ಒಂದು ಗುರುತು ಹಾಕಿಸಿ: ವಿಷಯ ಗೊತ್ತಿರಲಿಲ್ಲ, ಗೊತ್ತಿದ್ದೂ ಲೆಕ್ಕ ತಪ್ಪಿತು, ಪ್ರಶ್ನೆ ತಪ್ಪಾಗಿ ಓದಿದೆ, ಸಮಯ ಸಾಲಲಿಲ್ಲ. ಹೆಚ್ಚು ಗುರುತು ಮೊದಲನೆಯದಕ್ಕಿದ್ದರೆ ಆ ಪಾಠವನ್ನು ಮತ್ತೆ ಕಲಿಯಬೇಕು, ಕೊನೆಯದಕ್ಕಿದ್ದರೆ ಗಡಿಯಾರ ಇಟ್ಟುಕೊಂಡು ಲೆಕ್ಕ ಬಿಡಿಸಬೇಕು. ಚೆನ್ನಾಗಿ ಬಂದಾಗಲೂ ಪತ್ರಿಕೆ ಬಿಚ್ಚಿಸಿ, ಅತಿ ಕಷ್ಟದ ಲೆಕ್ಕವನ್ನು ಹೇಗೆ ಬಿಡಿಸಿದಳೆಂದು ಕೇಳಿ. ಆದರೆ ಅವಳು ಎರಡು ವಾರ ಕಳೆದರೂ ಮಂಕಾಗಿಯೇ ಇದ್ದರೆ, ನಿದ್ದೆ ಅಥವಾ ಊಟ ಕೆಟ್ಟಿದ್ದರೆ, ಉತ್ತರಪತ್ರಿಕೆಯನ್ನು ಪಕ್ಕಕ್ಕಿಟ್ಟು ವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ.